ಸೋಮವಾರ ಬೇಡ ಅಂದವರ್ಯಾರು?

"ಸರ್, ನಿಮ್ಮ ಪ್ರೋಗ್ರಾಮು ಸೋಮವಾರ ಅಂದ್ರ ಸಾಕು, ಒಲ್ಲೆ ಅನ್ನಾಕತ್ತೈತ್ರಿ. ಲಗೂನ ಬರ್ರಿ!"

ಶುಕ್ರವಾರ ಮೊರಬ ಹಳ್ಳಿಯಿಂದ ಫೋನು. ಮಾತಾಡಿದ್ದು ರೇಣುಕಾ, ನನ್ನ ಹಳೆಯ ವಿದ್ಯಾರ್ಥಿನಿ. ಅಲ್ಲಿನ ರೈತರ ಗುಂಪು ಬಾಡಿಗೆಗೆ ಕೊಡುವ ಬಿತ್ತನೆ ಕೂರಿಗೆಗಳ ಬುಕಿಂಗ್ ಆಕೆಯದೇ ಕೆಲಸ. ಹನ್ನೊಂದು ವರ್ಷದ ಹಿಂದೆ ಆ ಬುಕಿಂಗ್ ಪ್ರೋಗ್ರಾಮು ಬರೆದವನು ನಾನು. ಎರಡೇ ದಿನದಲ್ಲಿ! (ಈ ಎರಡು ದಿನದ ಬಡಾಯಿ ನಿಮ್ಮೆದುರು ಎಷ್ಟು ಸಲ ಕೊಚ್ಚಿಲ್ಲ?) ಟಿಪ್ಪಣಿ ಗಿಪ್ಪಣಿ ಯಾಕೆ, ಎಲ್ಲ ತಲೆಯಲ್ಲೇ ಇದೆಯಲ್ಲ ಅಂದಿದ್ದೆ.

ನವಲಗುಂದದಿಂದ ಬಸ್ಸು ಹಿಡಿದೆ. ಗುಂಪಿನ ಆಫೀಸಿನಲ್ಲಿ ಊರಿನ ಹಿರಿಯ ರೈತ ಮಹಿಳೆ ಗಂಗವ್ವ ಕುರ್ಚಿಯ ತುದಿಗೆ ಕೂತಿದ್ದರು. ಎರಡು ಎಕರೆಗೆ ಹೆಸರುಕಾಳು ಬಿತ್ತಬೇಕು. ಈ ವರ್ಷ ಬಂದ ಟ್ರ್ಯಾಕ್ಟರ್ ಕೂರಿಗೆ ಖಾಲಿ ಇರುವುದು ಸೋಮವಾರ ಮಾತ್ರ. ಕಂಪ್ಯೂಟರಿನ ಚೀಟಿ ಇಲ್ಲದೆ ಡ್ರೈವರ್ ಹೊರಡುವುದಿಲ್ಲ. ಮಂಗಳವಾರ ಮಳೆಯಂತೆ, ಅಂಟು ಕಪ್ಪುಮಣ್ಣಿನ ಎರೆಹೊಲಕ್ಕೆ ಆಮೇಲೆ ಕಾಲಿಡುವ ಹಾಗಿಲ್ಲ.

"ಹದಾ ಹೋತಂದ್ರ ಹೆಸರೂ ಹೋತ ನೋಡು, ತಮ್ಮಾ."

ಕೋಡ್ ತೆರೆದೆ. ಸಿಕ್ಕಿತು: ಸೋಮವಾರವಾದರೆ ಬುಕಿಂಗ್ ಬೇಡ. ಯಾಕೆ ಬೇಡ? ದೇವರಾಣೆ, ನೆನಪಿಲ್ಲ. ಅಳಿಸಿದರೆ ಮುಗಿಯಿತು ಎಂದು ಕೈ ಹಾಕಿದೆ.

"ತಡೀರಿ ಸರ್," ರೇಣುಕಾ ಅಂದಳು. "ಯಾಕ ಹಾಕಿದ್ರಿ ಅಂತ ಗೊತ್ತಾಗೂತನಕ ಅಳಿಸಬ್ಯಾಡ್ರಿ." (ಈ ಪಾಠ ಹೇಳಿಕೊಟ್ಟವನೂ ನಾನೇ!)

ಗಂಗವ್ವ ಹಣೆ ಬಡಿದುಕೊಂಡು ನಕ್ಕರು. "ಸೋಮಾರ ಎತ್ತು ಹೂಡ್ತಾರೇನೋ? ಬಸವಣ್ಣನ ವಾರ ಅದು!"

ಥತ್ ನನ್ನ! ಆಗ ಗುಂಪಿನಲ್ಲಿದ್ದದ್ದು ಬರೀ ಎತ್ತಿನ ಕೂರಿಗೆ. ಈಗಲೂ ಎರಡು ಜೋಡಿ ಎತ್ತುಗಳಿವೆ. ಆ ಸಾಲು ಅಳಿಸಿದ್ದರೆ ಪಾಪ, ಅವುಗಳ ರಜೆಯೂ ಹೋಗುತ್ತಿತ್ತು. ಎತ್ತಿಗೆ ರಜೆ, ಟ್ರ್ಯಾಕ್ಟರಿಗಿಲ್ಲ ಎಂದು ತಿದ್ದಿದೆ. ಚೀಟಿ ಹೊರಬಂತು. ಗಂಗವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ರೇಣುಕಾ ಬಿಡಬೇಕಲ್ಲ? ನೋಟ್‌ಬುಕ್ ಮುಂದೆ ಹಿಡಿದಳು. "ಕಾರಣ ಬರೀರಿ." ತೆಪ್ಪಗೆ ಬರೆದೆ.

ಬೇಗ ಬರೆಯುವುದು ತಪ್ಪೇನಲ್ಲ. ಆದರೆ ಪ್ರೋಗ್ರಾಮು ಬರೆಯುವುದು ಎರಡು ದಿನ, ಸಾಕುವುದು ವರ್ಷಗಟ್ಟಲೆ. ಸಾಕುವವರಿಗೆ 'ಏನು' ಅಂತ ಕೋಡ್ ಹೇಳುತ್ತದೆ, 'ಯಾಕೆ' ಅಂತ ಯಾರು ಹೇಳಬೇಕು?

ಸೋಮವಾರ ಬಿತ್ತಿದರು, ಮಂಗಳವಾರ ಮಳೆ ಬಂತು. ಹೆಸರು ಮೊಳೆತಿದೆಯಂತೆ, ನನಗೂ ಭಾಳ ಖುಷಿ. ಒಂದೇ ಯೋಚನೆ: ಆವತ್ತು ಆ ಕುರ್ಚಿಯಲ್ಲಿ ಗಂಗವ್ವ ಕೂತಿರದಿದ್ದರೆ?