ಆಣೆ ಬೇಡವೆಂದ ಅಕ್ಕೋರು

ತಮ್ಮ ಇವತ್ತು ಸವದತ್ತಿಯ ದೇವಿಯ ಗುಡ್ಡದಿಂದ ಬಂದ. ಕಾಗದದ ಪೊಟ್ಟಣ ಬಿಚ್ಚಿದ್ದೇ ತಡ, ಭಂಡಾರದ ಅರಿಶಿನ ವಾಸನೆ ನನ್ನ ವೆಲ್ಡಿಂಗ್ ಅಂಗಡಿಯ ಸುಟ್ಟ ಕಬ್ಬಿಣದ ವಾಸನೆಯನ್ನೂ ದಾಟಿ ಮೂಗಿಗೆ ಬಂತು. ಅದರ ಹಿಂದೆಯೇ ಅಕ್ಕೋರು ನೆನಪಾದರು…

ತೊಂಬತ್ತರ ದಶಕದ ಕೊನೆಯ ಮಾತು. ಜನ ಅವರನ್ನು 'ಕುಡಿಯೋದು ಬಿಡಿಸೋ ಅಕ್ಕೋರು' ಎನ್ನುತ್ತಿದ್ದರು. ವಾರಕ್ಕೊಂದು ದಿನ ನಮ್ಮ ಬೈಲಹೊಂಗಲ; ಉಳಿದ ದಿನ ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಕೆಂಪು ಬಸ್ಸಿನಲ್ಲಿ ತಿರುಗಾಟ. ದವಾಖಾನೆಯ ಹಿಂದಿನ ಕೋಣೆ, ಒಂದು ಬೆಂಚು. ಗುಳಿಗೆ ಕೊಡುವವರು ಡಾಕ್ಟರು, ಅಕ್ಕೋರದು ಬರೀ ಮಾತು. ಮಾತಿಗೂ ಪಗಾರ ಕೊಡುತ್ತಾರೆಯೇ ಎಂದು ನಕ್ಕವರಲ್ಲಿ ನಾನೂ ಒಬ್ಬ.

ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಈ ಎರಡು ಕೈಯಿಂದಲೇ ಅಂಗಡಿ ಕಟ್ಟಿದವನು ನಾನು. ತಮ್ಮ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಕುಡಿಯುತ್ತಿದ್ದ. ಲಿವರ್ ಬಾತಿದೆ, ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮ ಕಡೆ ಇದಕ್ಕೆ ಒಂದೇ ಮದ್ದು: ಗುಡ್ಡಕ್ಕೆ ಒಯ್ದು, ಕೈಯಲ್ಲಿ ಭಂಡಾರ ಹಿಡಿಸಿ, ದೇವಿಯ ಮುಂದೆ ಆಣೆ ಮಾಡಿಸುವುದು. ನಾನೂ ಮಾಡಿಸಿದೆ. ಕೆಲವು ವಾರ ಬಿಟ್ಟ. ಒಂದು ಸಂಜೆ ಒಂದು ಗುಟುಕು ಹಾಕಿದ. ಆಣೆ ಮುರಿಯಿತು, ಇನ್ನು ದೇವಿ ಕ್ಷಮಿಸುವುದಿಲ್ಲ, ಬಿಟ್ಟು ಏನು ಫಲ ಎಂದು ಮೊದಲಿಗಿಂತ ಹೆಚ್ಚು ಕುಡಿದ. ಮತ್ತೆ ಒಯ್ದೆ. ಮತ್ತೆ ಅದೇ.

ಕೊನೆಗೆ ಅವನನ್ನು ಅಕ್ಕೋರ ಮುಂದೆ ಕೂರಿಸಿ, "ಇನ್ನೊಮ್ಮಿ ಭಾರೀ ಆಣಿ ಮಾಡಸ್ತೇನ್ರಿ, ನೀವೂ ನಾಕ ಮಾತು ಬೈರಿ" ಎಂದೆ.

"ಬೈಯಾಕ ನೀವ ಅದೀರಲ್ರಿ" ಎಂದರು ಅಕ್ಕೋರು. "ಆಣಿ ಸಾಕ ಮಾಡ್ರಿ. ಅಂವ ಎಡವಿದ್ರ ತಿರುಗಿ ಬರಾಕ ಹಾದಿ ಇರಬೇಕು. ನೀವು ಆ ಹಾದಿಗೇ ಮುಳ್ಳ ಬಡಿಯಾಕ ಹತ್ತೀರಿ."

ಆಮೇಲೆ ಅವನನ್ನು ಕೇಳಿದರು: "ತಮ್ಮಾ, ಯಾವ ಹೊತ್ತಿನ್ಯಾಗ ಬೇಕನಸತೈತಿ?"

"ಸಂಜೀಕ್ರಿ. ಕಾರ್ಖಾನಿ ಮುಂದ ಗಾಡಿ ಪಾಳಿಗೆ ನಿಲ್ಲಿಸಿ ಕುಂತಾಗ…"

ಇಷ್ಟು ವರ್ಷ ನಾನು ಕೇಳದ ಪ್ರಶ್ನೆ ಅದು. ಅಕ್ಕೋರು ನನ್ನತ್ತ ತಿರುಗಿದರು. "ಆ ಹೊತ್ತಿಗೆ ನೀವು ಬುತ್ತಿ ಕಟಗೊಂಡ ಹೋಗ್ರಿ. ಉಪದೇಶ ಬ್ಯಾಡ. ಕೂಡಿ ಉಣ್ರಿ."

"ಕಬ್ಬಿನ ಸುಗ್ಗಿ ಮುಗಿಯೋತನಕ ಸಂಜೀ ಅಂಗಡಿ ಮುಚ್ಚಂತೀರೇನ್ರಿ?"

"ಗುಡ್ಡಕ್ಕ ಹೋಗುಮುಂದ ತೆರದಿಟ್ಟು ಹೋಗಿದ್ರೇನ್ರಿ?"



ಮೊದಲ ಸಂಜೆ ರೊಟ್ಟಿ, ಝುಣಕ ಕಟ್ಟಿಕೊಂಡು ಹೋದರೆ ಡ್ರೈವರುಗಳು ಕೂಗಿದರು: "ಏ, ನಿಮ್ಮವ್ವ ಬಂದ್ಳು ನೋಡಲೇ, ಮೀಸಿ ಹಚಗೊಂಡು!" ನನ್ನ ಕಿವಿ ಕಾದವು. ತಮ್ಮ ಮಾತ್ರ ನಕ್ಕುಬಿಟ್ಟ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ… ಕಬ್ಬಿನ ಟ್ರೇಲರಿನ ನೆರಳಲ್ಲಿ ಕೂಡಿ ಉಂಡೆವು.

ಸುಗ್ಗಿಯ ನಡುವೆ ಮತ್ತೊಮ್ಮೆ ಕುಡಿದ. ಮರುದಿನ ನಾಚಿಕೆಯಿಂದ ಮುಸುಕು ಹಾಕಿ ಮಲಗಿದವನು ಏಳಲು ಒಪ್ಪಲೇ ಇಲ್ಲ. ಸುದ್ದಿ ಮುಟ್ಟಿ ಅಕ್ಕೋರು ಸವದತ್ತಿಯ ಬಸ್ಸಿಳಿದು ನೇರ ಮನೆಗೇ ಬಂದರು. "ಕುಡದಿದ್ದು ನಿನ್ನಿ ಮಾತು. ಇವತ್ತ ಬುತ್ತಿ ಉಣ್ಣಾವೋ ಇಲ್ಲೋ?" ಎಂದಷ್ಟೇ ಕೇಳಿದರು. ಅವನು ಎದ್ದ. ಅಂದಿನಿಂದ ಮುಟ್ಟಲಿಲ್ಲ.

ಮುಂದೆ ಅಕ್ಕೋರು ಪೂರ್ತಿ ರಾಮದುರ್ಗಕ್ಕೇ ಹೋದರು. ಈ ಕೆಲಸ ಮುಗಿಯಲಿ, ಈ ಸುಗ್ಗಿ ಮುಗಿಯಲಿ, ಹೋಗಿ ಬರೋಣ ಎನ್ನುತ್ತಲೇ ಇದ್ದೆವು. ಆ ಕಡೆಯಿಂದ ಟ್ರೇಲರ್ ರಿಪೇರಿಗೆ ಬಂದವನೊಬ್ಬ, "ಆ ಅಕ್ಕೋರು ತೀರಿಹೋಗಿ ಭಾಳ ದಿನಾ ಆತಲ್ರಿ" ಎಂದ. ಕಿಡಿ ಹಾರದಿದ್ದರೂ ನಾನು ಮುಖಕ್ಕೆ ಕಪ್ಪು ಗಾಜು ಹಿಡಿದುಕೊಂಡೆ.

"ಗುಡ್ಡದಾಗ ಏನ ಬೇಡಕೊಂಡಿ?" ಎಂದು ಇವತ್ತು ತಮ್ಮನನ್ನು ಕೇಳಿದೆ.

"ಏನಿಲ್ಲಣ್ಣಾ. ಅಕ್ಕೋರ ಹೆಸರ್ಲೆ ಒಂದ ಹಿಡಿ ಭಂಡಾರ ಹಾರಿಸಿದ್ನಿ. ಆಣಿ ಗೀಣಿ ಮಾಡ್ಲಿಲ್ಲ."

ಅವನ ಮೀಸೆಯೂ ಈಗ ನರೆತಿದೆ. ಸಂಜೆಯಾಗಿತ್ತು. ಮಷೀನ್ ಆರಿಸಿ ಬುತ್ತಿ ಬಿಚ್ಚಿದೆ. ಈ ಬುತ್ತಿ ಕಟ್ಟಿಸಿದವರಿಗೆ ಇದರೊಳಗಿನ ಒಂದು ರೊಟ್ಟಿಯನ್ನೂ ನಾವು ಉಣಿಸಲಿಲ್ಲ…