ಅಧ್ಯಕ್ಷರು ಕಿತ್ತುಕೊಂಡ ನೀರಿನ ಕೀ

ಎದೆಯೆತ್ತರದ ಕಬ್ಬಿಣದ ಸರಳು, ತುದಿಯಲ್ಲಿ ಅಡ್ಡಹಿಡಿ, ಬುಡದಲ್ಲಿ ಚೌಕದ ಬಾಯಿ. ನೀರಿನ ವಾಲ್ ತಿರುಗಿಸಲು ಪುರಸಭೆಯವರು ಕೊಟ್ಟಿದ್ದ ಕೀ ಅದು. ನಮ್ಮ ಮನೆ ಬಾಗಿಲ ಹಿಂದೆ ಒರಗಿಕೊಂಡಿರುತ್ತಿತ್ತು. ನಮ್ಮತ್ತೆ ಅದಕ್ಕೆ ದಿನಾ ಬೆಳಿಗ್ಗೆ ಕುಂಕುಮ ಇಡುತ್ತಿದ್ದರು. ಒಂದು ವಾರ ಮಾತ್ರ ಅದಕ್ಕೆ ಕುಂಕುಮ ಬೇಕಾಗಲಿಲ್ಲ. ಮನುಷ್ಯರ ರಕ್ತವೇ ಹತ್ತಿಕೊಂಡಿತ್ತು.

ನಮ್ಮ ಯಜಮಾನರು ಊರಿನ ನೀರುಗಂಟಿ. ಟ್ಯಾಂಕಿನ ನೀರನ್ನು ಒಂದು ದಿನ ಕೋಟೆ ಕೇರಿಗೆ, ಒಂದು ದಿನ ಪಾಳ್ಯದ ಕೇರಿಗೆ ಬಿಡುವುದು ಅವರ ಕೆಲಸ. ಎರಡು ಕಡೆಯ ವಾಲೂ ನಮ್ಮ ಮನೆ ಎದುರಿನ ಒಂದೇ ಗುಂಡಿಯಲ್ಲಿದ್ದವು. ಆ ಸರದಿಯನ್ನು ಅವರು ತಮ್ಮ ತಂಗಿಯ ಮದುವೆಯ ದಿನವೂ ತಪ್ಪಿಸಿರಲಿಲ್ಲ. ಧಾರೆ ಮುಗಿಸಿಕೊಂಡು, ಪಂಚೆ ಎತ್ತಿ ಕಟ್ಟಿ, ಗುಂಡಿಗೆ ಇಳಿದಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಬಹಳ ವರ್ಷ ಸರ್ಕಾರದ ಅಧಿಕಾರಿಗಳೇ ನಡೆಸುತ್ತಿದ್ದ ಪುರಸಭೆಗೆ ಚುನಾವಣೆ ಆಯಿತು. ಕೋಟೆಯ ಇಟ್ಟಿಗೆ ಗೂಡಿನ ಧಣಿ ಅಧ್ಯಕ್ಷರಾದರು. ಪಾಳ್ಯದಲ್ಲಿ ಅವರಿಗೆ ಓಟು ಬಿದ್ದಿರಲಿಲ್ಲ. ಆ ಕುರ್ಚಿಯಲ್ಲಿ ಹೇಗಿರಬೇಕೆಂದು ಹೇಳಿಕೊಡುವ ಹಳೇ ಅಧ್ಯಕ್ಷರು ಯಾರೂ ಉಳಿದಿರಲಿಲ್ಲ. ಗೂಡಿನಲ್ಲಿ ಆಳನ್ನು ಬಾ ಅಂದರೆ ಬರುತ್ತಿದ್ದ, ಹೋಗು ಅಂದರೆ ಹೋಗುತ್ತಿದ್ದ. ಪುರಸಭೆಯೂ ಹಾಗೇ ಅಂದುಕೊಂಡರು ಆ ಮಹರಾಯರು.

ಕೊರಳಲ್ಲಿ ಹಿಂದಿನ ದಿನದ ಹಾರ ಇನ್ನೂ ಇತ್ತು, ಬೆಳಿಗ್ಗೆಯೇ ನಮ್ಮ ಮನೆಗೆ ಬಂದುಬಿಟ್ಟರು. ಜೊತೆಗೆ ಅಕ್ಕನ ಮಗ.

"ಏನಪ್ಪಾ, ಕೀ ಕೊಡು. ಇವತ್ತಿಂದ ನನ್ನಳಿಯ ನೀರು ಬಿಡ್ತಾನೆ. ನೀನು ಮನೇಲಿ ಆರಾಮಾಗಿರು."

"ಅಣ್ಣಾ, ಪುರಸಭೆ ಸಾಹೇಬ್ರು ಒಂದ್ಮಾತು ಹೇಳ್ಲಿ, ನಾನೇ ತಂದ್ಕೊಡ್ತೀನಿ," ಅಂದರು ನಮ್ಮವರು, ಕೀಯನ್ನು ಎದೆಗೊತ್ತಿ ಹಿಡಿದು.

"ಯಾವ ಸಾಹೇಬನ್ಲಾ? ಊರಿಗೆ ಅಧ್ಯಕ್ಷ ಯಾರ್ಲಾ?" ಅಂದವನೇ ಅಳಿಯ ಕೆನ್ನೆಗೆ ಬಾರಿಸಿದ. ನಮ್ಮವರ ತುಟಿ ಒಡೆದು ರಕ್ತ ಬನಿಯನ್ನಿನ ಮೇಲೆ ಇಳಿಯಿತು. ಇವರು ಕೀ ಬಿಡಲಿಲ್ಲ. ಅವನು ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿ ಕಿತ್ತುಕೊಂಡ. ನಮ್ಮತ್ತೆ ಮಣ್ಣು ತೂರಿ ಶಾಪ ಹಾಕುತ್ತಿದ್ದರೆ ಅಧ್ಯಕ್ಷರು ಹಾರ ಸರಿಮಾಡಿಕೊಂಡು ಹೊರಟುಹೋದರು.

ನಾನು ಯಜಮಾನರನ್ನು ಕರೆದುಕೊಂಡು ಪುರಸಭೆಗೆ ಹೋದೆ. ಸಾಹೇಬರು, ಅಂದರೆ ಅಲ್ಲಿನ ಮುಖ್ಯಾಧಿಕಾರಿಗಳು, ಬೇರೆ ಜಿಲ್ಲೆಯವರು, ಸಣಕಲು ದೇಹ, ಮೆಲುಮಾತು. ಒಡೆದ ತುಟಿ ನೋಡಿ ಅಧ್ಯಕ್ಷರ ಕೋಣೆಗೇ ನಡೆದರು. ನಾವು ಬಾಗಿಲಲ್ಲಿ ನಿಂತೆವು.

"ನೋಡಿ, ನೀವು ಸಭೆ ನಡೆಸ್ಬಹುದು. ಯಾವ ಬೀದಿಗೆ ಪೈಪು ಹಾಕ್ಬೇಕು ಅಂತ ಸಭೇಲಿ ತೀರ್ಮಾನ ಮಾಡ್ಬಹುದು. ನನ್ನ ಕೆಲ್ಸ ಸರಿಯಿಲ್ಲ ಅಂತ ಮೇಲಕ್ಕೆ ಬರೀಬಹುದು. ಆದ್ರೆ ಈ ಮನುಷ್ಯನ್ನ ಮನೆಗೆ ಕಳ್ಸೋಕೆ ನಿಮಗೆ ಅಧಿಕಾರ ಇಲ್ಲ. ಇವನನ್ನ ನೀವು ನೇಮಿಸಿಲ್ಲ. ನನ್ನನ್ನೂ ನೀವು ನೇಮಿಸಿಲ್ಲ."

"ಮತ್ತೆ ನಾನ್ಯಾಕಯ್ಯಾ ಗೆದ್ದಿದ್ದು?" ಅಂದರು ಅಧ್ಯಕ್ಷರು. ಆ ಪ್ರಶ್ನೆ ಅವರಿಗೆ ನಿಜವಾಗಿಯೂ ಇತ್ತು, ಮುಖದಲ್ಲಿ ಕಾಣುತ್ತಿತ್ತು. ಸಾಹೇಬರು ಉತ್ತರ ಕೊಡುವಷ್ಟರಲ್ಲಿ ಮೇಜಿನ ಮೇಲೆ ಕಾಗದಕ್ಕೆ ಭಾರ ಇಟ್ಟಿದ್ದ ಗಾಜಿನ ಗುಂಡು ಅಧ್ಯಕ್ಷರ ಕೈಯಿಂದ ಹಾರಿತು. ಸಾಹೇಬರ ಕಿವಿಯ ಮೇಲ್ಭಾಗ ಹರಿದು ಜೋತಾಡಿತು. ನನ್ನ ಸೆರಗಿನಲ್ಲೇ ಅದುಮಿ ಹಿಡಿದುಕೊಂಡು ಅವರನ್ನು ಆಸ್ಪತ್ರೆಗೆ ಸೇರಿಸಿದೆವು.

ಸಾಹೇಬರು ಹಾಸಿಗೆ ಹಿಡಿದ ಮೇಲೆ ಕೇಳುವವರಿಲ್ಲದಾಯಿತು. ಅಳಿಯ ದಿನವೂ ಕೋಟೆಗೇ ನೀರು ಬಿಟ್ಟ. ಪಾಳ್ಯದ ವಾಲ್ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಅಲ್ಲಿನ ಹೆಂಗಸರು ಲಾರಿಗಳ ನಡುವೆ ಹಳೇ ಮದ್ರಾಸು ರಸ್ತೆ ದಾಟಿ ತೋಟದ ಬಾವಿಯಿಂದ ನೀರು ಹೊರುತ್ತಿದ್ದರು. ಒಂದು ಬೆಳಿಗ್ಗೆ ಬಸುರಿಯೊಬ್ಬಳು ಆ ರಸ್ತೆಯಲ್ಲಿ ಲಾರಿಗೆ ಸಿಕ್ಕಿಬಿಟ್ಟಳು. ಬಿಂದಿಗೆ ಉರುಳಿ ಚರಂಡಿಗೆ ಬಿತ್ತು. ಅವಳು ಏಳಲೇ ಇಲ್ಲ.

ಹೆಣ ಇನ್ನೂ ರಸ್ತೆಯಲ್ಲಿದ್ದಾಗಲೇ ಪಾಳ್ಯದ ಗಂಡಸರು ವಾಲ್ ಗುಂಡಿಗೆ ನುಗ್ಗಿದರು. ಅಳಿಯ ಗುಂಡಿಯೊಳಗಿದ್ದ. ಕೂದಲು ಹಿಡಿದು ಅವನ ಮುಖವನ್ನು ಗುಂಡಿಯ ಕಲ್ಲುಗೋಡೆಗೆ ಬಡಿದರು. ಹಲ್ಲು ಉದುರಿದ ಸದ್ದು ನಮ್ಮ ಬಾಗಿಲಿಗೆ ಕೇಳಿಸಿತೋ, ಕೇಳಿಸಿದ ಹಾಗೆ ನನಗೆ ಆಯಿತೋ. ಸತ್ತವಳ ಗಂಡ ಆ ಕಬ್ಬಿಣದ ಕೀಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, "ನೀರು ಬೇಕೇನ್ಲಾ? ಕುಡಿಲಾ!" ಅನ್ನುತ್ತಾ ಬೀಸುತ್ತಿದ್ದ.

ನಮ್ಮವರು ಓಡಿದರು. ನಾನು ಅಂಗಿ ಹಿಡಿದೆಳೆದರೆ ಅಂಗಿ ನನ್ನ ಕೈಯಲ್ಲೇ ಉಳಿಯಿತು. ಗುಂಡಿಗೆ ಹಾರಿ, ತಮಗೆ ಹೊಡೆದವನ ಮೇಲೆಯೇ ಕವುಚಿಕೊಂಡರು. ಕೀ ಅವರ ಬಲಗೈಗೆ ಬಿತ್ತು. ಮೊಣಕೈ ಕೆಳಗಿನ ಮೂಳೆ ಚರ್ಮ ಸೀಳಿ ಆಚೆ ಬಂತು. ಮತ್ತೊಂದು ಏಟು ಎತ್ತಿದವನ ಬೆನ್ನಿಗೆ, ಹಿಂದೆಯೇ ಓಡಿದ್ದ ನಾನು ಮನೆಯ ತಾಮ್ರದ ಬಿಂದಿಗೆಯಿಂದ ಬಡಿದೆ. ಹೆಂಡತಿ ಸತ್ತವನಿಗೆ! ಅವನು ಹಾಗೇ ಕುಸಿದು ಕೂತು ಅಳತೊಡಗಿದ.

"ಅವನನ್ನ ಯಾಕೆ ಕಾಪಾಡಕ್ಕೋದ್ರಿ?" ಅಂತ ಆಸ್ಪತ್ರೆಯಲ್ಲಿ ಬೈದೆ.

"ಊರು ಕುಡಿಯೋ ನೀರು ಕಣೇ. ನನ್ ಗುಂಡೀಲಿ ಯಾರೂ ಸಾಯಬಾರ್ದು," ಅಂದರು.

ಕಿವಿಗೆ ಪಟ್ಟಿ ಸುತ್ತಿಕೊಂಡ ಮುಖ್ಯಾಧಿಕಾರಿಗಳೂ ಅಲ್ಲೇ ಇದ್ದರು. ಅಂದೇ ಎದ್ದು ಕೆಲಸಕ್ಕೆ ಹೋಗಿ, ಸತ್ತವಳ ಗಂಡನ ಜೊತೆಗೇ ಪೊಲೀಸರು ಒಯ್ದಿದ್ದ ಕೀಯನ್ನು ಬಿಡಿಸಿ ತಂದರು. "ಕೆಲ್ಸ ನಿಮ್ಮದೇ. ಕೈ ಕೂಡೋವರ್ಗೆ ನೀವು ಮೇಲೆ ನಿಂತು ಹೇಳಿ, ನಿಮ್ಮ ಮನೆಯವ್ರು ತಿರುಗಿಸ್ಲಿ," ಅಂದರು. ಹೀಗೆ ಮಾಡಲು ಅವರಿಗೂ ಅಧಿಕಾರವಿತ್ತೋ ಇಲ್ಲವೋ, ನಾವು ಕೇಳಲಿಲ್ಲ.

ಮಾರನೇ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ನಾನು ಗುಂಡಿಗೆ ಇಳಿದೆ. ಗೋಡೆಯ ಮೇಲೆ ರಕ್ತ ಕಪ್ಪಗೆ ಒಣಗಿತ್ತು. ಒಂದು ಕಡೆ ಕೋಟೆಯವರು ದೊಣ್ಣೆ ಹಿಡಿದು ನಿಂತಿದ್ದರು, ಇನ್ನೊಂದು ಕಡೆ ಪಾಳ್ಯದವರು ಕಲ್ಲು ಹಿಡಿದು. ಇಬ್ಬರ ಹಿಂದೆಯೂ ಖಾಲಿ ಬಿಂದಿಗೆಯ ಹೆಂಗಸರು. ಅಧ್ಯಕ್ಷರು ಜನರನ್ನು ತಳ್ಳಿಕೊಂಡು ಮುಂದೆ ಬಂದರು. ಅಳಿಯ ಆಸ್ಪತ್ರೆಯಲ್ಲಿ ಗಂಜಿ ನುಂಗಲಾರದೆ ಮಲಗಿದ್ದ. ಅವರ ಕಣ್ಣು ಕೆಂಪಗಿತ್ತು, ಕೈಯಲ್ಲಿ ದೊಣ್ಣೆ.

"ಏನಮ್ಮಾ, ಮೊದ್ಲು ಕೋಟೆ. ಅಧ್ಯಕ್ಷ ಹೇಳ್ತಿದೀನಿ."

ಕೈಗೆ ಕಟ್ಟು ಹಾಕಿಸಿಕೊಂಡು ಮೇಲೆ ನಿಂತಿದ್ದ ನಮ್ಮವರು, "ಸರದಿ ಪಾಳ್ಯದ್ದು. ಎಡಗಡೆ ವಾಲ್ ಕಣೇ," ಅಂದರು.

ದೊಣ್ಣೆ ಮೇಲೆದ್ದಿತು. ಕೀಯ ಬಾಯಿ ವಾಲಿನ ತಲೆಗೆ ಕೂರುತ್ತಲೇ ಇಲ್ಲ.

"ಅಣ್ಣಾ," ಅಂದೆ, "ಹೊಡೆಯೋದಾದ್ರೆ ತಲೆಗೇ ಹೊಡೀರಿ. ಕೈಗೆ ಹೊಡೆದ್ರೆ ನಾಳೆ ನಿಮ್ಮ ಕೋಟೆಗೂ ನೀರು ಬಿಡೋರು ಯಾರೂ ಉಳಿಯಲ್ಲ."

ಆ ದೊಣ್ಣೆಯನ್ನು ಹಿಂದಿನಿಂದ ಹಿಡಿದುಕೊಂಡದ್ದು ಕೋಟೆಯ ಮುದುಕಿಯೊಬ್ಬಳು, ಅವರಿಗೆ ಸ್ವಂತ ದೊಡ್ಡಮ್ಮ. "ಬಿಡಲೋ ಸಾಕು. ನಾಳೆ ನಮ್ಮ ಸರದಿ ಬತ್ತದೆ," ಅಂದಳು.

ಕೀ ಕೂತಿತು. ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದೆ. ಪೈಪಿನೊಳಗೆ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ನೀರು ಪಾಳ್ಯದ ಕಡೆ ಓಡಿತು. ಪಾಳ್ಯದವರ ಕೈಯ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಸತ್ತವಳ ಗಂಡ ಪೊಲೀಸ್ ಠಾಣೆಯಲ್ಲಿದ್ದ. ಅವನ ಮನೆ ಮುಂದಿನ ನಲ್ಲಿಗೆ ಬಿಂದಿಗೆ ಇಡುವವರು ಯಾರೂ ಇರಲಿಲ್ಲ. ನಾನೇ ಹೋಗಿ ಇಟ್ಟೆ, ನೆಗ್ಗಿದ ನನ್ನ ತಾಮ್ರದ ಬಿಂದಿಗೆಯನ್ನೇ.