ಅಕ್ಕನ ಮನೆಯ ರವಿವಾರಗಳು

ಚಿಕ್ಕೋಡಿ ಕೋರ್ಟಿನಲ್ಲಿ ನಮ್ಮ ಕೇಸು ಮೊದಲ ಸಲ ಕೂಗಿದ ದಿನ, ಜಡ್ಜ್ ಸಾಹೇಬರು ಕಾಗದದಿಂದ ತಲೆ ಎತ್ತಿ, ನನ್ನ ಹೆಂಡತಿಯ ಮಗ್ಗುಲಲ್ಲಿ ಸೆರಗು ಹೊದ್ದು ನಿಂತವಳನ್ನು ತೋರಿಸಿ ಕೇಳಿದರು: "ಇವರು ನಿಮಗೇನಾಗಬೇಕು?"

"ಅಕ್ಕ ಆಗಬೇಕ್ರಿ. ಅತ್ತೀನೂ ಆಗಬೇಕ್ರಿ."

"ಒಬ್ಬರೇ?"

"ಒಬ್ಬಾಕೀನ ರೀ."

ಹಿಂದೆ ಕೂತವರು ನಕ್ಕರು. ಸಾಹೇಬರು ನಗಲಿಲ್ಲ. "ಹಾಗಾದರೆ ಮನೆಯಲ್ಲೇ ಕೂತು ಮುಗಿಸಿಕೊಳ್ಳಬಹುದಿತ್ತಲ್ಲ?" ಎಂದರು.

ಇದ್ದದ್ದು ಒಂದೇ ಮನೆ ಎಂಬುದೇ ನಮ್ಮ ತೊಂದರೆಯಾಗಿತ್ತು. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಬೇರೆಯವರ ಮನೆಯಲ್ಲಿ ಗಂಡ ಹೆಂಡಿರು ಜಗಳಾಡಿದರೆ ಹುಡುಗಿಯ ಕಡೆಯವರು ನಾಲ್ಕು ಜನ, ಹುಡುಗನ ಕಡೆಯವರು ನಾಲ್ಕು ಜನ ಬಂದು ಕೂತು ಬಗೆಹರಿಸುತ್ತಾರೆ. ನಮ್ಮಲ್ಲಿ ಹುಡುಗಿಯ ಕಡೆಗೆ ಅಕ್ಕ, ನನ್ನ ಕಡೆಗೆ ಅವ್ವ. ಆ ಅವ್ವ ಇಬ್ಬರಿಗೂ ಅವ್ವ. ನಡುವೆ ಕೂಡುವವರು ಯಾರೂ ಉಳಿದಿರಲಿಲ್ಲ.

ಅಂಕಲಿಯ ರಸ್ತೆಯ ಮೇಲೆ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ; ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವುದು. ಅಪ್ಪ ತೀರಿದ ವರ್ಷ ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಮಿರಜದಲ್ಲಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಬೈಗುಳ ತಿಂದು ಕಲಿತ ಕೆಲಸ. ಆಗ ಕೃಷ್ಣಾ ಹೊಳೆಯ ದಂಡೆಗುಂಟ ಪಂಪುಗಳು ಒಂದರ ಹಿಂದೆ ಒಂದು ಎದ್ದು, ಎಲ್ಲಿ ನೋಡಿದರೂ ಕಬ್ಬೇ ಆಗುತ್ತಿದ್ದ ಕಾಲ. ಕರೆಂಟು ಸುಮಾರು, ಮೋಟಾರು ಸುಟ್ಟಷ್ಟೂ ನನಗೆ ಕೆಲಸ. ನಾನು ಸುತ್ತಿದ ಕಾಯಿಲು ಮತ್ತೆ ಸುಟ್ಟು ವಾಪಸ್ ಬಂದದ್ದು ಯಾರೂ ಕಂಡಿಲ್ಲ. ಇದನ್ನು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅಕ್ಕನನ್ನು ಕೃಷ್ಣೆಯ ಆಚೆ ಶಿರಗುಪ್ಪಿಗೆ ಕೊಟ್ಟಿತ್ತು. ಭಾವ ಬೇಗ ಹೋಗಿಬಿಟ್ಟ. ಅವಳ ಮಗಳನ್ನು ನಾನೇ ಮಾಡಿಕೊಳ್ಳಬೇಕೆಂದು ಅವ್ವನ ಆಸೆ, ಅಕ್ಕನ ಆಸೆ. ಮದುವೆಯಾದ ಮೇಲೂ ಆಕೆಗೆ ನನ್ನನ್ನು "ಮಾಮಾ" ಎನ್ನುವ ರೂಢಿ ತಪ್ಪಲಿಲ್ಲ. ಮಗಳು ಹುಟ್ಟಿ ವರ್ಷ ತುಂಬಿದ ಮೇಲೆ ಒಂದು ದಿನ, ನನ್ನ ತಾಟಿನ ಊಟ ಆರಿ ಹೋಗುವ ತನಕ ಕಾದು ಕೂತಿದ್ದವಳು ಹೇಳಿದಳು:

"ಮಾಮಾ ಆಗಿದ್ದಾಗ ನೀ ಚಲೋ ಇದ್ದಿ. ಬರೂವಾಗ ಬತ್ತಾಸ ತರ್ತಿದ್ದಿ, ಕುಂತ ಮಾತಾಡ್ತಿದ್ದಿ. ಗಂಡ ಆದ ಮ್ಯಾಲ ನಿನ್ನ ಮಾರಿ ನೋಡೂದ ಅಪರೂಪ ಆತು."

"ಮಾರಿ ನೋಡ್ಕೋತ ಕುಂತ್ರ ಹೊಟ್ಟಿಗೆ ಏನ ತಿಂತಿ?" ಅಂದೆ.

ಆ ವರ್ಷ ಪಂಚಮಿಗೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ತಾನೇ ಹೋದವಳು ತಾನೇ ಬರಲಿ ಎಂದು ನಾನು ಕೂತೆ. ತಮ್ಮನೇ ಬಂದು ಕರೆಯಲಿ ಎಂದು ಅಕ್ಕ ಕೂತಳು. ಕೂತು ಕೂತು ಇಬ್ಬರೂ ವಕೀಲರ ಬೆಂಚಿನ ಮೇಲೆ ಕೂತೆವು. ಮುಂದಿನ ಪಂಚಮಿಗೆ ಅವ್ವ ಉಂಡಿ ಕಟ್ಟುತ್ತ ಅಂದಳು, "ಹೋಗಿ ಅಕ್ಕನ್ನ ಕರಕೊಂಡ ಬಾರೋ. ಹಬ್ಬದಾಗ ಮಗಳ ಬರದಿದ್ರ ಮನಿ ಹೆಂಗಾತು?"

"ಕೋರ್ಟಿನ್ಯಾಗ ಎದರ ನಿಂತಾಕಿನ್ನ ಯಾವ ಮಾರಿ ಹೊತ್ತ ಕರೀಲಿ ಬೇ?"

ಅವ್ವ ಉಂಡಿ ಕಟ್ಟುವುದನ್ನು ಬಿಡಲಿಲ್ಲ. ಯಾರ ಕೈಯಲ್ಲೋ ಆ ಉಂಡಿ ಶಿರಗುಪ್ಪಿಗೆ ಹೋದವು.

ಮಗು ಸಣ್ಣದು, ಸದ್ಯಕ್ಕೆ ತಾಯಿಯ ಹತ್ತಿರವೇ ಇರಲಿ ಎಂದು ಕೋರ್ಟು ಹೇಳಿತು. ತಿಂಗಳಿಗೆ ಎರಡು ರವಿವಾರ ತಂದೆ ಹೋಗಿ ನೋಡಬಹುದು, ಊರು ಬಿಟ್ಟು ಕರೆದೊಯ್ಯಬಾರದು. ಅಂಗಡಿ ಯಾವ ರವಿವಾರ ತೆರೆದಿರುತ್ತದೆ, ಯಾವುದು ಇಲ್ಲ ಎಂದು ತಿಳಿಯದೆ ರೈತರು ಸುಟ್ಟ ಮೋಟಾರು ಹೇರಿಕೊಂಡು ಬಂದು ಒದ್ದಾಡುತ್ತಿದ್ದರು. ಅದಕ್ಕೇ ಎಲ್ಲ ರವಿವಾರವೂ ಅಂಗಡಿ ಮುಚ್ಚಿಬಿಟ್ಟೆ. "ಏನ್ರಿ ಮಿಸ್ತ್ರಿ, ಸರಕಾರಿ ನೌಕರಿ ಹತ್ತೇತೇನ್ರಿ? ರವಿವಾರ ಸೂಟಿ ಮಾಡಾಕತ್ತೀರಿ!" ಎಂದು ಚೇಷ್ಟೆ ಮಾಡಿದರು.

ಚಿಕ್ಕಂದಿನಿಂದ ಕೇಳದೆ ಒಳಗೆ ನುಗ್ಗಿದ ಅಕ್ಕನ ಮನೆಯಲ್ಲಿ ನಾನೀಗ ಕಟ್ಟೆಯ ಮೇಲೆ ಕೂಡುವವನಾದೆ. ಅಕ್ಕ ಚಹಾ ತಂದು ಹೊಸ್ತಿಲ ಮೇಲೆ ಇಟ್ಟು, ಮಾತಾಡದೆ ಒಳಗೆ ಹೋಗುತ್ತಿದ್ದಳು. ಸಕ್ಕರೆ ಮಾತ್ರ ನನಗೆ ಬೇಕಾದಷ್ಟೇ ಇರುತ್ತಿತ್ತು. ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಕಬ್ಬಿನ ಗದ್ದೆಗಳ ಬದುವಿನ ಮೇಲೆ ತಿರುಗಿಸುತ್ತಿದ್ದೆ. ಮಾತು ಚೆನ್ನಾಗಿ ಬಂದ ಮೇಲೆ ಒಂದು ದಿನ ಮೇಲಿನಿಂದಲೇ ಕೇಳಿದಳು:

"ಅಪ್ಪಾ, ನಿನಗ ಮನಿ ಇಲ್ಲೇನ? ಇಲ್ಲಿಗ್ಯಾಕ ಬರ್ತಿ?"

"ಐತಿ. ನಿನ್ನ ಅಲ್ಲಿಗೇ ಕರಕೊಂಡ ಹೋಗ್ತೀನಿ."

"ಯಾವಾಗ?"

"ಸಾಹೇಬ್ರು ಹ್ಞೂಂ ಅಂದ ಕೂಡ್ಲೆ."

ಅವಳಿಗೆ ಐದು ದಾಟಿದ ಮೇಲೆ, ಮಗಳನ್ನು ನನಗೆ ಒಪ್ಪಿಸಬೇಕೆಂದು ಅರ್ಜಿ ಹಾಕಿದೆ. ನನ್ನ ವಕೀಲರು ಕೋರ್ಟಿನ ಹೊರಗಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹೇಳಿಕೊಟ್ಟರು: "ಸಂಜೀಕ ಅಂಗಡಿ ಮುಚ್ಚಿ ಮನಿಗೆ ಬರ್ತೀನಿ ಅನ್ನು. ಮನ್ಯಾಗ ತಾಯಿ ಅದಾಳ, ಆಕಿ ಕೂಸಿನ್ನ ನೋಡ್ಕೋತಾಳ ಅನ್ನು. ಕೇಳಿದಷ್ಟ ಹೇಳು. ಹೆಚ್ಚ ಮಾತಾಡಬ್ಯಾಡಪಾ."

ಆ ಕಡೆಯ ವಕೀಲರು ವಯಸ್ಸಾದವರು. ನಶ್ಯದ ವಸ್ತ್ರ ಕಿಸೆಯಲ್ಲಿ ಇಟ್ಟುಕೊಂಡು, ಬೀಗರನ್ನು ಮಾತಾಡಿಸಿದಂತೆ ಕೇಳಿದರು: "ಹೊಳಿ ದಂಡಿಗೆಲ್ಲಾ ನಿಮ್ಮ ಹೆಸರ ಐತಿ ನೋಡ್ರಿ. ಬಾಳ ದುಡೀತೀರಂತ, ಖರೇನ?"

"ಖರೇ ರೀ."

"ರಾತ್ರಿ ಮೋಟಾರ ಸುಟ್ರ ಏನ ಮಾಡ್ತೀರಿ? ಮುಂಜಾನಿ ಬಾ ಅಂತೀರೇನು?"

"ಯಾಕ್ರೀ? ರಾತ್ರೀನ ಹೋಗ್ತೀನಿ. ಕರೆಂಟ ರಾತ್ರಿ ಬರತೈತಿ, ಮೋಟಾರ ರಾತ್ರೀನ ಸುಡತೈತಿ. ರೈತನ ಕಬ್ಬ ಒಣಗಾಕ ಬಿಡ್ಲೇನ್ರಿ?"

"ಅಲ್ರಿ, ನಿಮಗ ಜ್ವರಾ ಬಂದ್ರ?"

"ಜ್ವರಾ ಬಂದಾಗೂ ಹೋಗೇನಿ. ಹೆಂಡ್ತಿ ಬಾಣಂತಿ ಇದ್ದಾಗೂ ಹೋಗೇನಿ. ಒಮ್ಮೆನೂ ಇಲ್ಲ ಅಂದಾಂವಲ್ಲ. ಯಾರನ್ನರ ಕೇಳ್ರಿ!"

"ಕೇಳೂದೇನೈತ್ರಿ, ನೀವ ಹೇಳಿದ್ರಲ್ಲ" ಎಂದು ಅವರು ಕೈಮುಗಿದು ಕೂತರು.

ಎದುರಿನ ವಕೀಲರ ಬಾಯಿ ಮುಚ್ಚಿಸಿದೆ ಎಂದುಕೊಂಡು ಎದೆಯುಬ್ಬಿಸಿ ಕೆಳಗಿಳಿದೆ. ನನ್ನ ವಕೀಲರು ನನ್ನ ಮುಖ ನೋಡಲಿಲ್ಲ. "ಮೋಟಾರ ಸುಟ್ರ ನೀ ಕಟ್ಟತಿ. ಈಗ ಕೇಸ ಸುಟ್ಟೀಯಲ್ಲಪಾ, ಯಾರ ಕಟ್ಟಬೇಕು?" ಎಂದಷ್ಟೇ ಹೇಳಿದರು. ನಾನು ಆಡಿದ್ದು ಒಂದೂ ಸುಳ್ಳಲ್ಲ. ಇಂದು ಕೇಳಿದರೂ ಅದನ್ನೇ ಹೇಳಬೇಕಾಗುತ್ತದೆ. ದುಡಿಯುವವನು ಎಂಬುದು ಕಳ್ಳ, ಕುಡುಕ ಎಂಬುದರ ಸಾಲಿಗೆ ಸೇರುವ ಜಾಗವೂ ಒಂದಿದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಉಳಿದದ್ದು ಅವ್ವನ ಸಾಕ್ಷಿ. ಕಟಕಟೆಯಲ್ಲಿ ನಿಂತು ಸಾಹೇಬರಿಗೆ ಕೈಮುಗಿದಳು.

"ಅಜ್ಜಿ, ಮಗು ನಿಮ್ಮ ಮಗನ ಮನೆಗೆ ಬಂದರೆ ನೀವು ನೋಡಿಕೊಳ್ಳುತ್ತೀರಾ?"

"ನೋಡ್ಕೋತೀನ್ರಿ."

"ಈಗಿರುವ ಕಡೆಯೇ ಇದ್ದರೆ?"

"ಅದೂ ನನ್ನ ಮಗಳ ಮನೀನ ರೀ. ಅಲ್ಲೂ ನಾನ ನೋಡ್ಕೋತೀನಿ."

"ಎಲ್ಲಿದ್ದರೆ ಮಗುವಿಗೆ ಒಳ್ಳೆಯದು?"

ಅವ್ವ ಮೊದಲು ಅಕ್ಕನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನನ್ನನ್ನು ನೋಡುತ್ತಲೇ ಹೇಳಿದಳು:

"ಇಂವ ದುಡ್ಯಾಂವ್ರಿ ಸಾಹೇಬ್ರ. ಕೂಸಿನ ಕೂಡ ಕುಂದ್ರಾಂವಲ್ಲ."

ಅಪ್ಪ ಸತ್ತಾಗಿನಿಂದ ಆಕೆ ಊರ ಮಂದಿಯ ಮುಂದೆ ನನ್ನನ್ನು ಹೊಗಳಿದ್ದು ಅದೇ ಮಾತಿನಲ್ಲಿ. ಅಂದು ಹೊಗಳಿದಳೋ, ಕೈಬಿಟ್ಟಳೋ, ನಾನು ಕೇಳಲಿಲ್ಲ. ಹಿಂದಕ್ಕೆ ಬರುವಾಗ ಚಿಕ್ಕೋಡಿಯಿಂದ ಅಂಕಲಿಯ ತನಕ ಒಂದೇ ಸೀಟಿನಲ್ಲಿ ಕೂತು ಬಂದೆವು.

ತೀರ್ಪು ಇಂಗ್ಲಿಷಿನಲ್ಲಿತ್ತು. ವಕೀಲರು ಬಿಡಿಸಿ ಹೇಳಿದರು: "ನೀ ಕೆಟ್ಟಾಂವ ಅಂತ ಎಲ್ಲೂ ಬರದಿಲ್ಲ. ಕಷ್ಟಪಟ್ಟ ದುಡಿಯಾಂವ ಅಂತನ ಬರದಾರ. ಆದ್ರ ಕೋರ್ಟ ನೋಡೂದ ಅಪ್ಪನ ಹಕ್ಕಲ್ಲ, ಅವ್ವನ ಹಕ್ಕಲ್ಲ, ಕೂಸಿನ ಹಿತ. ಅದಕ್ಕ ತಾಯಿ ಹಂತೇಕನ ಇರ್ಲಿ ಅಂದಾರ. ನಿನ್ನ ರವಿವಾರ ಹಂಗ ಅದಾವು."

ಆ ಸುಗ್ಗಿ ಮುಗಿಯುವುದರೊಳಗೆ ಅವ್ವ ತನ್ನ ಎರಡು ಸೀರೆ ಗಂಟು ಕಟ್ಟಿದಳು. "ಕೂಸಿನ್ನ ಬಿಟ್ಟ ಇರಾಕ ಆಗವಲ್ದೋ ತಮ್ಮಾ. ನಿನಗೇನ, ಅಂಗಡಿ ಐತಿ." ಅಲ್ಲಿಂದ ಮುಂದೆ ರವಿವಾರ ಹೊಸ್ತಿಲಿಗೆ ಚಹಾ ತಂದಿಡುವವಳು ಅವ್ವ.

ಹೀಗೆ ಕೆಲವು ವರ್ಷ ಹೋದವು. ನನ್ನ ಹೆಂಡತಿಗೆ ಸೋಡಚೀಟಿ ಸಿಕ್ಕಿ ನಮ್ಮ ಮದುವೆ ಮುರಿಯಿತು. ಅವಳನ್ನು ಇಚಲಕರಂಜಿಯ ಕಡೆಗೆ ಉಡಿಕಿ ಮಾಡಿ ಎರಡನೆಯ ಮನೆಗೆ ಕೊಟ್ಟರು. ಆ ಮನೆಯವರಿಗೆ ನಮ್ಮ ಮಗಳು ಬೇಡವಾಗಿತ್ತು. ಅಕ್ಕನ ಹತ್ತಿರವೇ ಉಳಿದಳು. ನನ್ನ ವಕೀಲರು ತಾವಾಗಿಯೇ ಹೇಳಿ ಕಳಿಸಿದರು: "ಈಗ ಪರಿಸ್ಥಿತಿ ಬ್ಯಾರೆ ಆತು. ಮಕ್ಕಳ ಆರ್ಡರ್ ಒಮ್ಮೆ ಮಾಡಿದ್ರ ಮುಗೀತು ಅಂತಿಲ್ಲ, ಬದ್ಲಿ ಮಾಡಾಕ ಬರತೈತಿ. ಈ ಸಲ ಬಾಯಿ ಬಿಗಿ ಹಿಡಿ."

ಬಾಯಿ ಅಷ್ಟೇ ಅಲ್ಲ, ಕೆಲಸವನ್ನೂ ಬಿಗಿಹಿಡಿದೆ. ರಾತ್ರಿ ಹೋಗುವುದನ್ನು ಬಿಟ್ಟೆ. ಕಾಯಿಲಿಗೆ ಹಚ್ಚುವ ವಾರ್ನಿಶ್ ವಾಸನೆ ಅಂಗಡಿಯ ಹಿಂದಿನ ಮನೆಯೊಳಗೆ ಬರಬಾರದೆಂದು ಮೋಟಾರು ಒಣಗಿಸುವುದನ್ನು ಹಿತ್ತಲ ತಗಡಿನ ಶೆಡ್ಡಿಗೆ ಸಾಗಿಸಿದೆ. ನಡುಮನೆಗೆ ಸುಣ್ಣ ಹಚ್ಚಿ, ಕಿಟಕಿಯ ಹತ್ತಿರ ಒಂದು ಮೇಜು ಹಾಕಿದೆ. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದರು. ಹಿಡಿಯಲಿ ಅಂದೆ.

ಹೊಸ ಸಾಹೇಬರು ನನ್ನನ್ನು ಹೆಚ್ಚು ಕೇಳಲೇ ಇಲ್ಲ. ಹುಡುಗಿಗೆ ಬುದ್ಧಿ ಬಂದಿದೆ ಎಂದು ಅವಳೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿ ಮಾತಾಡಿದರು. ಹೊರಗೆ ಬಂದವಳು ನನ್ನ ಮುಂದೆಯೇ ಹಾದು, ನನ್ನ ಅವ್ವನ ಸೆರಗು ಹಿಡಿದು ನಿಂತಳು. ಅಜ್ಜಿಯ ಮನೆಯಲ್ಲೇ ಇರಬೇಕೆಂಬುದು ಹುಡುಗಿಯ ಇಚ್ಛೆ, ತಾಯಿಯ ಒಪ್ಪಿಗೆಯೂ ಇದೆ, ಹಾಗೇ ಇರಲಿ ಎಂದು ತೀರ್ಪಾಯಿತು. ಆರ್ಡರು ಬದಲಾದದ್ದು ಒಂದೇ ಕಡೆ. ಮೊದಲು ತಿಂಗಳಿಗೆ ಎರಡು ರವಿವಾರ ಎಂದಿತ್ತು. ಈಗ, ಹುಡುಗಿಗೆ ಮನಸ್ಸಿದ್ದಾಗ ತಂದೆ ಬರಬಹುದು ಎಂದಾಯಿತು.

ಮುಂದಿನ ರವಿವಾರ ಕಟ್ಟೆಯ ಮೇಲೆ ಕೂತು ಮಗಳನ್ನು ಕೇಳಿದೆ, "ಸಾಹೇಬ್ರ ಮುಂದ ಏನಂದಿ ಅವ್ವಾ?"

ಕಾಲಿನ ಉಗುರಿನಿಂದ ನೆಲ ಗೀರುತ್ತ ಅಂದಳು, "ನಿನ್ನ ಮನ್ಯಾಗ ಯಾರ ಅದಾರ ಅಪ್ಪಾ? ಆಯಿ ಇಲ್ಲಿ ಅದಾಳ, ದೊಡ್ಡಾಯಿನೂ ಇಲ್ಲೇ ಅದಾಳ."

ನನ್ನ ಅಕ್ಕ ಅವಳ ಆಯಿ. ನನ್ನ ಅವ್ವ ಅವಳ ದೊಡ್ಡಾಯಿ. ನನ್ನವರೆಂದು ಇದ್ದವರನ್ನೆಲ್ಲ ಎಣಿಸಿ ಹೇಳಿದ್ದಳು. ಎಲ್ಲರೂ ಆ ಮನೆಯಲ್ಲೇ ಇದ್ದರು.

ಹೊರಡುವಾಗ ಬಸ್ ನಿಲ್ಲುವ ಜಾಗದ ತನಕ ಬಂದಳು. "ಮುಂದಿನ ವಾರ ಬರಬ್ಯಾಡಪ್ಪಾ. ಇಚಲಕರಂಜಿಯಿಂದ ಅವ್ವ ಬರಾಕಿ ಅದಾಳ."

"ಅದರ ಮುಂದಿನದು?"

"ಹೇಳಿ ಕಳಸ್ತೀನಿ."

ಹೇಳಿ ಕಳಿಸುತ್ತಾಳೆಂದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಎಷ್ಟೋ ರವಿವಾರ ಮುಚ್ಚಿದ ಅಂಗಡಿಯ ಮುಂದೆ ಕೂತೆ. ಮಾಂಜರಿಯ ಸೇತುವೆಯ ಕಡೆಯಿಂದ ಬರುವ ಬಸ್ಸುಗಳು ನಿಲ್ಲುತ್ತಿದ್ದವು, ಹೋಗುತ್ತಿದ್ದವು. ಆಮೇಲೆ ಒಂದು ರವಿವಾರ ಎದ್ದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅಂಗಡಿಯ ಬಾಗಿಲ ಫಳಿ ತೆಗೆದೆ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಗಿರಾಕಿಯೊಬ್ಬ ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಹೋಗುತ್ತಿದ್ದವನು ಗಕ್ಕನೆ ನಿಲ್ಲಿಸಿದ.

"ಏನ್ರಿ ಮಿಸ್ತ್ರಿ, ರವಿವಾರ ತಗದೀರಿ! ಸೂಟಿ ಮುಗೀತೇನ್ರಿ?"

"ಮುಗೀತು. ಒಳಗ ತರ್ರಿ."

"ಅರ್ಜಂಟ ಐತ್ರಿ. ಕಬ್ಬ ಒಣಗಾಕತ್ತೈತಿ. ರಾತ್ರಿ ಕೆಲಸಾ ಆದ್ರೂ ನಡೀತೈತೇನ್ರಿ?"

"ನಡೀತೈತಿ" ಎಂದೆ.